ಸಹಜ ದನಿಯೋ, ಯಂತ್ರದ ದನಿಯೋ? ಕಿವಿಗೆ ಹೊಂದುವ ದನಿ ಆರಿಸುವ ಬಗೆ

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬರಹವನ್ನು ಓದಿ ಹೇಳುವ ದನಿಯನ್ನು ಆರಿಸಲು ಹೋದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಒಂದೊಂದು ಹೆಸರನ್ನು ಒತ್ತಿದಾಗಲೂ ಒಂದು ಮಾದರಿ ವಾಕ್ಯ ಕೇಳಿಸುತ್ತದೆ. ಯಾವುದು ಇಂಪಾಗಿದೆಯೋ ಅದನ್ನು ಆರಿಸಿ ಹೆಚ್ಚಿನವರು ಪಟ್ಟಿ ಮುಚ್ಚುತ್ತಾರೆ. ಆ ಮಾದರಿ ವಾಕ್ಯವನ್ನು ನಂಬಬೇಡಿ. ಅದು ಕೆಲವೇ ಸೆಕೆಂಡಿನದು. ಆ ದನಿಯ ಜೊತೆ ನೀವು ಕಳೆಯಬೇಕಾದದ್ದು ಗಂಟೆಗಟ್ಟಲೆ ಹೊತ್ತು.

ನಾನು ಕಣ್ಣಿನಿಂದ ಓದುವವಳಲ್ಲ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ಪ್ರೋಗ್ರಾಂ ಓದಿದ್ದನ್ನು ಕೇಳಿಸಿಕೊಂಡು ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಹಗಲು ಕರಡಿಗೆ ಇಸ್ಪೀಕ್ ಎನ್‌ಜಿ ಎಂಬ ಒರಟು ಯಂತ್ರದ ದನಿ. ರಾತ್ರಿ ಕಾದಂಬರಿಗೆ ಮನುಷ್ಯರ ಹಾಗೆ ಓದುವ ದನಿ. ಎರಡೂ ನನಗೆ ಬೇಕು. ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಕೆಲಸಕ್ಕೆ? ದನಿಯನ್ನು ಕೆಲಸಕ್ಕೆ ತಕ್ಕಂತೆ ಆರಿಸಬೇಕು, ಇಂಪಿಗೆ ತಕ್ಕಂತೆ ಅಲ್ಲ. ಅದನ್ನು ಮಾಡುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ.

ಮೊದಲು, ದನಿ ಹುಟ್ಟುವ ಬಗೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ನಾವು ಮಾತಾಡುವಾಗ ಗಂಟಲಿನಿಂದ ಗುಂಯ್ ಎನ್ನುವ ಒಂದು ಸದ್ದು ಬರುತ್ತದೆ. ಬಾಯಿ, ನಾಲಿಗೆ ಯಾವ ಆಕಾರದಲ್ಲಿವೆ ಎಂಬುದರ ಮೇಲೆ ಆ ಸದ್ದಿನ ಕೆಲವು ಭಾಗಗಳು ಗಟ್ಟಿಯಾಗುತ್ತವೆ. ಅವನ್ನು ಫಾರ್ಮಂಟ್ ಎನ್ನುತ್ತಾರೆ. ಆ, ಈ, ಊ ಬೇರೆ ಬೇರೆಯಾಗಿ ಕೇಳುವುದು ಇವುಗಳಿಂದಲೇ. ಈ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟು ಸದ್ದನ್ನು ಸೊನ್ನೆಯಿಂದ ಕಟ್ಟಿಸುವುದು ಒಂದು ಬಗೆ. ಅಮೆರಿಕದ ಎಂಐಟಿಯಲ್ಲಿ ಡೆನಿಸ್ ಕ್ಲಾಟ್ ಅವರು ಇದರ ಮೇಲೆ ವರ್ಷಗಟ್ಟಲೆ ದುಡಿದರು. ಅವರ ಕೆಲಸದಿಂದ 1980ರ ದಶಕದಲ್ಲಿ ಡೆಕ್‌ಟಾಕ್ ಎಂಬ ಯಂತ್ರ ಬಂತು. ಅದರ ಮುಖ್ಯ ದನಿ ಕ್ಲಾಟ್ ಅವರ ಸ್ವಂತ ದನಿಯ ಅಳತೆಯ ಮೇಲೆ ಕಟ್ಟಿದ್ದು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಮಾತು ಕಳೆದುಕೊಂಡ ಮೇಲೆ ಬಳಸಿದ ದನಿಯ ಬೇರು ಕೂಡ ಅದೇ. ಮುಂದೆ ಎಷ್ಟೋ ನಯವಾದ ದನಿಗಳು ಬಂದರೂ ಹಾಕಿಂಗ್ ತಮ್ಮ ಹಳೆಯ ದನಿಯನ್ನು ಬಿಡಲಿಲ್ಲ. ಅಷ್ಟು ಹೊತ್ತಿಗೆ ಅದು ಅವರದೇ ದನಿ ಆಗಿಹೋಗಿತ್ತು.

ಇಸ್ಪೀಕ್ ಕೂಡ ಈ ಜಾತಿಯದೇ. ಜೊನಾಥನ್ ಡಡಿಂಗ್ಟನ್ ಎಂಬುವರು 1995ರಲ್ಲಿ ಏಕಾರ್ನ್ ಕಂಪ್ಯೂಟರಿಗೆ ಬರೆದ ಚಿಕ್ಕ ಪ್ರೋಗ್ರಾಂ ಅದರ ಮೂಲ. ಈಗ ಬಳಕೆಯಲ್ಲಿರುವ ಇಸ್ಪೀಕ್ ಎನ್‌ಜಿ ಅದರ ಕವಲು. ನೂರಕ್ಕಿಂತ ಜಾಸ್ತಿ ಭಾಷೆ ಓದುತ್ತದೆ, ಅದರಲ್ಲಿ ಕನ್ನಡವೂ ಇದೆ. ಎಲ್ಲ ಸೇರಿ ಕೆಲವೇ ಎಂಬಿ ಜಾಗ ಸಾಕು. ಎಲೊಕ್ವೆನ್ಸ್ ಎಂಬ ಇನ್ನೊಂದು ಹಳೆಯ ಯಂತ್ರದ ದನಿಯನ್ನು ಜನ ಎಷ್ಟು ಹಚ್ಚಿಕೊಂಡಿದ್ದರು ಎಂದರೆ, 2022ರಲ್ಲಿ ಆಪಲ್ ಅದನ್ನು ಐಫೋನಿಗೆ ತಂದಿತು. ಅದರಲ್ಲಿ ಕನ್ನಡ ಇಲ್ಲ.

ಎರಡನೆಯ ಬಗೆಯಲ್ಲಿ ಒಬ್ಬ ಮನುಷ್ಯ ಗಂಟೆಗಟ್ಟಲೆ ಓದಿದ್ದನ್ನು ರೆಕಾರ್ಡ್ ಮಾಡಿ, ಚೂರು ಚೂರು ಮಾಡಿ, ಬೇಕಾದ ಹಾಗೆ ಜೋಡಿಸುತ್ತಾರೆ. ಇದು ಈಗ ಕಡಿಮೆಯಾಗುತ್ತಿದೆ.

ಮೂರನೆಯದು ನ್ಯೂರಲ್ ದನಿ. 2016ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ತಂಡ ವೇವ್‌ನೆಟ್ ಎಂಬ ದನಿ ಕಟ್ಟುವ ಪ್ರೋಗ್ರಾಂ ಹೊರತಂದಾಗಿನಿಂದ ಇದರ ಕಾಲ. ಸಾವಿರಾರು ವಾಕ್ಯಗಳನ್ನು ಕೇಳಿಸಿ, ಈ ಬರಹಕ್ಕೆ ಈ ಸದ್ದು ಎಂದು ಯಂತ್ರವೇ ಕಲಿಯುವಂತೆ ಮಾಡುತ್ತಾರೆ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನಲ್ಲಿ ಕನ್ನಡ ಓದುವ ಸಪ್ನಾ, ಗಗನ್ ದನಿಗಳು ಈ ಬಗೆಯವು. ಉಸಿರು, ಏರಿಳಿತ, ನಿಲುಗಡೆ ಎಲ್ಲ ಇರುತ್ತದೆ. ಕೇಳಿದವರು ಮನುಷ್ಯರೇ ಓದುತ್ತಿದ್ದಾರೆ ಎಂದುಕೊಳ್ಳಬಹುದು.

ಇವುಗಳಿಂದ ನಮಗೆ ಆಗುವ ವ್ಯತ್ಯಾಸ ಏನು? ಮೊದಲ ಬಗೆಯದು, ಅಂದರೆ ಯಂತ್ರದ ದನಿ, ನಿಯಮದ ಮೇಲೆ ನಡೆಯುತ್ತದೆ. ಒಂದು ಪದವನ್ನು ಇವತ್ತು ಹೇಗೆ ಹೇಳಿತೋ ನಾಳೆಯೂ ಹಾಗೇ ಹೇಳುತ್ತದೆ. ಕೀಲಿ ಒತ್ತಿದ ಕ್ಷಣವೇ ಮಾತು ಶುರು. ವೇಗ ಎಷ್ಟು ಏರಿಸಿದರೂ ಅಕ್ಷರಗಳು ಒಂದರ ಮೇಲೊಂದು ಬೀಳುವುದು ಕಡಿಮೆ. ನ್ಯೂರಲ್ ಬಗೆಯ ಸಹಜ ದನಿಗೆ ಲೆಕ್ಕ ಹಾಕಲು ಸಮಯ ಬೇಕು. ಅದು ಇಡೀ ವಾಕ್ಯವನ್ನು ನೋಡಿ ರಾಗ ಕಟ್ಟುತ್ತದೆ. ರಾಗ ಚೆನ್ನಾಗಿರುತ್ತದೆ, ಆದರೆ ಕೆಲವೊಮ್ಮೆ ಪದ ನುಂಗುತ್ತದೆ, ಕೆಲವೊಮ್ಮೆ ತಪ್ಪಾಗಿ ಊಹಿಸುತ್ತದೆ.

ಕನ್ನಡದವರು ವಾಕ್ಯದ ಕೊನೆಯನ್ನು ಕೇಳಬೇಕು

ದನಿಗಳ ಬಗ್ಗೆ ಸಿಗುವ ಸಲಹೆ ಬಹುಪಾಲು ಇಂಗ್ಲಿಷ್ ಕೇಳುವವರದು. ನಮಗೆ ಅದು ಪೂರ್ತಿ ಹೊಂದುವುದಿಲ್ಲ. ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ ಇದೇ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಮಾಡಿದರೋ ಇಲ್ಲವೋ, ಎಲ್ಲವೂ ಆ ಕೊನೆಯ ಪದದ ಬಾಲದಲ್ಲಿರುತ್ತದೆ. ಬಂದನು, ಬಂದಳು, ಬಂದರು. ಹೋಗಲಿ, ಹೋಗಲಿಲ್ಲ. ಈ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಈ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು. ಈ ಎರಡು ವಾಕ್ಯದ ನಡುವಿನ ಅಂತರ ನೋಡಿ. ಅಷ್ಟೂ ಕೊನೆಯಲ್ಲೇ ಇದೆ, ಅಲ್ವಾ?

ಮನುಷ್ಯರು ಮಾತಾಡುವಾಗ ವಾಕ್ಯದ ಕೊನೆಗೆ ದನಿ ತಗ್ಗಿಸುತ್ತಾರೆ. ಸಹಜ ದನಿ ಅದನ್ನೇ ಕಲಿತಿರುತ್ತದೆ. ಸಾಮಾನ್ಯ ವೇಗದಲ್ಲಿ ಇದು ಚೆಂದ. ವೇಗ ಏರಿಸಿದರೆ ಮೊದಲು ಕರಗುವುದು ಆ ತಗ್ಗಿದ ಕೊನೆ. ಎದುರಿಗೆ ಮನುಷ್ಯರಿದ್ದರೆ ಸನ್ನಿವೇಶದಿಂದ, ಮುಖದಿಂದ ನಮಗೆ ಗೊತ್ತಾಗುತ್ತದೆ. ಬರಹ ಕೇಳುವಾಗ ಆ ಆಸರೆ ಇಲ್ಲ. ಯಂತ್ರದ ದನಿ ಕೊನೆಯ ಅಕ್ಷರವನ್ನೂ ಮೊದಲ ಅಕ್ಷರದಷ್ಟೇ ಗಟ್ಟಿಯಾಗಿ ಒಗೆಯುತ್ತದೆ. ಅದಕ್ಕೆ ಭಾವ ಇಲ್ಲ ಎಂದು ಜನ ದೂರುವುದು ಇದಕ್ಕೇ. ಕೆಲಸದ ಹೊತ್ತಿನಲ್ಲಿ ನನಗೆ ಬೇಕಾದದ್ದೂ ಇದೇ.

ಹಾಗಾಗಿ ಯಾವ ದನಿಯನ್ನೇ ಆಗಲಿ ಪರೀಕ್ಷಿಸುವಾಗ ಬೇಕು ಮತ್ತು ಬಾರದು, ಮಾಡಿದರು ಮತ್ತು ಮಾಡಿದಳು, ಕೊಡಲಾಗುತ್ತದೆ ಮತ್ತು ಕೊಡಲಾಗುವುದಿಲ್ಲ, ಇಂಥ ಜೋಡಿಗಳನ್ನು ಉದ್ದ ವಾಕ್ಯದ ಕೊನೆಗೆ ಇಟ್ಟು ಕೇಳಿ. ನೀವು ಬಳಸುವ ವೇಗದಲ್ಲಿಯೇ ಕೇಳಿ. ಒಂದು ಸಲ ಕೇಳಿದರೆ ಗೊತ್ತಾಗಬೇಕು. ಎರಡನೇ ಸಲ ಹಿಂದೆ ಹೋಗಬೇಕಾಗಿ ಬಂದರೆ ಆ ವೇಗಕ್ಕೆ ಆ ದನಿ ಆಗುವುದಿಲ್ಲ.

ಪರೀಕ್ಷೆಗೆ ನಿಮ್ಮದೇ ಒಂದು ಪುಟ

ಸುಮ್ನೆ ಯಾವುದೋ ಸುದ್ದಿ ತೆರೆದು ಓದಿಸಿದರೆ ಸಾಲದು. ಒಂದು ಪುಟದ ಫೈಲ್ ಬರೆದು ಇಟ್ಟುಕೊಳ್ಳಿ. ಪ್ರತಿ ದನಿಗೂ ಅದೇ ಪುಟ ಕೊಡಿ. ನನ್ನ ಪುಟದಲ್ಲಿ ಇರುವುದನ್ನು ಹೇಳುತ್ತೇನೆ, ನಿಮಗೆ ಬೇಕಾದದ್ದನ್ನು ಸೇರಿಸಿಕೊಳ್ಳಿ.

ಮೊದಲು ಹತ್ತಿರದ ಸದ್ದುಗಳು. ಹಾಲು ಮತ್ತು ಹಾಳು, ಬಲೆ ಮತ್ತು ಬಳೆ, ಮನೆ ಮತ್ತು ಮಣೆ, ದನ ಮತ್ತು ಧನ, ಸರ ಮತ್ತು ಶರ. ಒಲೆ ಮತ್ತು ಓಲೆ, ಬೆಳೆ ಮತ್ತು ಬೇಳೆ. ಒತ್ತಕ್ಷರಕ್ಕೆ ಕಳ ಮತ್ತು ಕಳ್ಳ. ಬಿಡಿ ಪದವಾಗಿಯೂ ಇಡಿ, ವಾಕ್ಯದ ಒಳಗೂ ಇಡಿ. ವಾಕ್ಯದ ಒಳಗೆ ಬಂದಾಗ ಮಹಾಪ್ರಾಣ ಎಷ್ಟೋ ದನಿಗಳಲ್ಲಿ ಮಾಯವಾಗುತ್ತದೆ. ಕಾದಂಬರಿ ಕೇಳುವವರಿಗೆ ಅದರಿಂದ ತೊಂದರೆ ಇಲ್ಲ. ಕರಡು ತಿದ್ದುವವರಿಗೆ ಅದೇ ದೊಡ್ಡ ತೊಂದರೆ. "ಹಾಳು ಕಾಯಿಸಿದಳು" ಎಂದು ತಪ್ಪು ಬಿದ್ದಿದ್ದರೆ ಇಸ್ಪೀಕ್ ಅದನ್ನು ಎದ್ದು ಕಾಣುವ ಹಾಗೆ ಹಾಳು ಎಂದೇ ಓದುತ್ತದೆ. ನಯವಾದ ದನಿ ಅದನ್ನು ನಯವಾಗಿಯೇ ದಾಟಿಸಿಬಿಡಬಹುದು, ಕೇಳುವ ಮನಸ್ಸು ಕೂಡ ಹಾಲು ಎಂದೇ ತುಂಬಿಕೊಳ್ಳುತ್ತದೆ.

ಆಮೇಲೆ ಅಂಕಿಗಳು. ಒಂದು ಇಸವಿ, ಒಂದು ಫೋನ್ ನಂಬರ್, ಒಂದು ದಿನಾಂಕ, ಒಂದು ದಶಮಾಂಶ. "1995ರಲ್ಲಿ" ಎಂದು ಬರೆದರೆ ದನಿ ಏನು ಮಾಡುತ್ತದೆ ನೋಡಿ. ತೊಂಬತ್ತೈದರಲ್ಲಿ ಎಂದು ಸೇರಿಸಿ ಹೇಳುತ್ತದೆಯೋ, ತೊಂಬತ್ತೈದು ಎಂದು ನಿಲ್ಲಿಸಿ ಆಮೇಲೆ ರಲ್ಲಿ ಎನ್ನುತ್ತದೆಯೋ? ಕನ್ನಡ ಅಂಕಿಯಲ್ಲಿ ೧೯೯೫ ಎಂದು ಬರೆದರೆ ಓದುತ್ತದೆಯೋ, ಹಾರಿಸುತ್ತದೆಯೋ? ಫೋನ್ ನಂಬರನ್ನು ಕೋಟಿ ಲಕ್ಷದ ಲೆಕ್ಕದಲ್ಲಿ ಓದಿದರೆ ಬರೆದುಕೊಳ್ಳಲು ಆಗುವುದಿಲ್ಲ.

ಮೂರನೆಯದಾಗಿ ಚುಕ್ಕಿ ಇರುವ ಚಿಕ್ಕರೂಪಗಳು: ಡಾ., ಪ್ರೊ., ಕಿ.ಮೀ. ಚುಕ್ಕಿ ಕಂಡ ಕೂಡಲೇ ವಾಕ್ಯ ಮುಗಿಯಿತು ಎಂದು ನಿಲ್ಲುವ ದನಿಗಳು ಬೇಕಾದಷ್ಟಿವೆ. ಸಾಫ್ಟ್‌ವೇರ್, ಲ್ಯಾಪ್‌ಟಾಪ್ ಥರದ ಪದಗಳನ್ನೂ ಸೇರಿಸಿ. ಇವುಗಳ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಗುರುತೊಂದು ಇರುತ್ತದೆ. ಅಲ್ಲಿ ಪದ ಒಡೆಯುತ್ತದೆಯೇ ಎಂದು ಕೇಳಿ. ಕನ್ನಡದ ನಡುವೆ ಇಂಗ್ಲಿಷ್ ಅಕ್ಷರದ ಒಂದು ಪದ ಹಾಕಿ. ಇಸ್ಪೀಕ್ ಅದನ್ನು ಇಂಗ್ಲಿಷ್ ನಿಯಮದಲ್ಲಿ ಓದಿ ಕನ್ನಡಕ್ಕೆ ಮರಳುತ್ತದೆ. ಬೇರೆಯವು ಏನು ಮಾಡುತ್ತವೆ ಎಂಬುದು ಆಯಾ ದನಿಯ ಮೇಲೆ.

ಕೊನೆಗೆ ಎರಡು ದೊಡ್ಡ ಪ್ಯಾರಾ. ಒಂದು ನಿಮ್ಮ ಕೆಲಸದ ಬರಹ, ಇನ್ನೊಂದು ನಿಮಗೆ ಇಷ್ಟದ ಕತೆ. ಇಲ್ಲಿ ಒಂದು ಅಕ್ಷರವನ್ನೂ ಪರೀಕ್ಷಿಸಬೇಡಿ. ಸುಮ್ನೆ ಕೇಳಿ. ಮುಗಿದ ಮೇಲೆ ಏನು ಕೇಳಿದಿರಿ ಎಂದು ಯಾರಿಗಾದರೂ ಹೇಳಿ. ದನಿಯ ನೆನಪು ಜಾಸ್ತಿ ಉಳಿದು ಕತೆಯ ನೆನಪು ಕಡಿಮೆ ಉಳಿದಿದ್ದರೆ ಆ ದನಿ ನಿಮ್ಮ ಗಮನ ತಿನ್ನುತ್ತಿದೆ. ಯಂತ್ರದ ದನಿಯಲ್ಲಿಯೂ ಹೀಗಾಗಬಹುದು, ಅತಿ ಭಾವ ತುಂಬಿ ಓದುವ ಸಹಜ ದನಿಯಲ್ಲಿಯೂ ಆಗಬಹುದು.

ಕೆಲಸಗಳನ್ನು ಬೇರೆ ಮಾಡಿ

ಒಂದು ದಿನ ನೀವು ಏನೇನು ಕೇಳುತ್ತೀರಿ ಎಂದು ಗಮನಿಸಿ. ಮೆನುಗಳಲ್ಲಿ ಓಡಾಡುವುದು, ಟೈಪ್ ಮಾಡುವಾಗ ಅಕ್ಷರ ಕೇಳುವುದು, ಫೈಲ್ ಹುಡುಕುವುದು, ಇವೆಲ್ಲ ಒಂದು ಗುಂಪು. ಇಲ್ಲಿ ಬೇಕಾದದ್ದು ತಕ್ಷಣ ಉತ್ತರ. ಬಾಣದ ಕೀಲಿ ಒತ್ತಿದಾಗ ಅರೆ ಕ್ಷಣ ತಡವಾದರೂ ಸಾಕು, ಆ ತಡ ಪ್ರತಿ ಕೀಲಿಗೂ ಸೇರುತ್ತಾ ಹೋಗುತ್ತದೆ. ಬೆರಳು ಮುಂದೆ, ದನಿ ಹಿಂದೆ ಆಗುತ್ತದೆ. ಈ ಗುಂಪಿಗೆ ಯಂತ್ರದ ದನಿಯೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕರಡು ತಿದ್ದುವುದು, ಲೆಕ್ಕ ನೋಡುವುದು, ಕೋಡ್ ಬರೆಯುವುದು ಎರಡನೆಯ ಗುಂಪು. ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿ ಬೇಕು. ಇಲ್ಲಿಯೂ ಯಂತ್ರದ್ದೇ.

ಕಾದಂಬರಿ, ಉದ್ದ ಲೇಖನ, ಪತ್ರ ಮೂರನೆಯ ಗುಂಪು. ಇಲ್ಲಿ ಸಹಜ ದನಿ. ಸಂಭಾಷಣೆ ಬಂದಾಗ ಪ್ರಶ್ನೆ ಪ್ರಶ್ನೆಯ ಹಾಗೆ ಕೇಳಿದರೆ ಯಾರು ಮಾತಾಡುತ್ತಿದ್ದಾರೆ ಎಂದು ಹಿಡಿಯಲು ಮನಸ್ಸು ಒದ್ದಾಡುವುದಿಲ್ಲ. ಆದರೆ ಕವಿತೆಗೆ ಮಾತ್ರ ನಾನು ಮತ್ತೆ ಯಂತ್ರದ ದನಿಗೆ ಹೋಗುತ್ತೇನೆ. ಸಹಜ ದನಿ ತನ್ನದೇ ರಾಗ ಹಾಕಿ ಸಾಲು ಮುರಿದಲ್ಲಿ ನಿಲ್ಲದೆ ಓದಿದರೆ ಕವಿಯ ಲಯ ಹೋಗುತ್ತದೆ. ಒರಟು ದನಿ ಪದಗಳನ್ನಷ್ಟೇ ಕೊಡುತ್ತದೆ, ಲಯವನ್ನು ನಾನು ಒಳಗೆ ಕಟ್ಟಿಕೊಳ್ಳುತ್ತೇನೆ. ಇದು ನನ್ನ ರುಚಿ. ನಿಮ್ಮದು ಬೇರೆ ಇರಬಹುದು.

ಹೊಸ ಭಾಷೆ ಕಲಿಯುವವರು ಸಹಜ ದನಿಯನ್ನೇ ಕೇಳಬೇಕು. ಕಿವಿಗೆ ಬಿದ್ದ ರಾಗವೇ ನಾಲಿಗೆಗೆ ಬರುತ್ತದೆ. ಬೇರೆಯವರಿಗೆ ಕೇಳಿಸಲು ಆಡಿಯೋ ಮಾಡುವಾಗಲೂ ಸಹಜ ದನಿ, ಸಾಮಾನ್ಯ ವೇಗ. ಅದು ಯಂತ್ರ ಓದಿದ್ದು ಎಂದು ಶುರುವಿನಲ್ಲೇ ಹೇಳಿಬಿಡಿ. ಕೇಳುವವರಿಗೆ ಅದು ತಿಳಿದಿರಬೇಕು.

ಇನ್ನು, ಮಾತು ಕಳೆದುಕೊಂಡವರು ತಮ್ಮ ಪರವಾಗಿ ಮಾತಾಡಲು ದನಿ ಆರಿಸುವುದು ಪೂರ್ತಿ ಬೇರೆ ವಿಷಯ. ಅಲ್ಲಿ ವೇಗ, ಸ್ಪಷ್ಟತೆ ಎಂದು ನಾವು ಹೊರಗಿನಿಂದ ಸಲಹೆ ಕೊಡಬಾರದು. ಅದು ಅವರ ದನಿ. ಅವರೇ ಆರಿಸಲಿ.

ಹೊಸದಾಗಿ ಶುರು ಮಾಡುವವರಿಗೆ

ನನ್ನ ಗೆಳತಿಯೊಬ್ಬಳಿಗೆ ನಡುವಯಸ್ಸಿನಲ್ಲಿ ದೃಷ್ಟಿ ಹೋಯಿತು. ಮೊದಲ ಸಲ ಯಂತ್ರದ ದನಿ ಕೇಳಿದಾಗ ಅವಳಿಗೆ ಅಳು ಬಂತು. ಇನ್ನು ಮುಂದೆ ಇದೇನಾ ನನ್ನ ಪುಸ್ತಕ ಎಂದಳು. ಅಂಥ ಹೊತ್ತಿನಲ್ಲಿ ವೇಗದ ಪಾಠ ಹೇಳಬೇಡಿ. ಸಹಜ ದನಿಯಲ್ಲಿ ಅವರಿಗೆ ಇಷ್ಟದ ಪುಸ್ತಕ ಹಾಕಿಕೊಡಿ. ಓದು ಮತ್ತೆ ಕೈಗೆ ಸಿಗಲಿ. ಅವಳು ಹಾಗೇ ಶುರು ಮಾಡಿದಳು. ಕಂಪ್ಯೂಟರ್ ಕೆಲಸ ಹೆಚ್ಚಾದಾಗ ಮೆನುಗಳು ನಿಧಾನ ಎಂದು ಅವಳಿಗೇ ಅನಿಸಿತು. ಆಗ ಮೆನುಗಳಿಗೆ ಮಾತ್ರ ಯಂತ್ರದ ದನಿ ಹಾಕಿಕೊಂಡಳು. ಪುಸ್ತಕಕ್ಕೆ ಇವತ್ತಿಗೂ ಸಹಜ ದನಿಯೇ.

ಯಂತ್ರದ ದನಿಗೆ ಕಿವಿ ಪಳಗಲು ಸಮಯ ಬೇಕು. ಎರಡು ವಾರ ಕೊಡಿ. ದಿನಕ್ಕೆ ಅರ್ಧ ಗಂಟೆ ಸಾಕು, ಅದೂ ಗೊತ್ತಿರುವ ಬರಹದಿಂದ ಶುರು ಮಾಡಿ. ಮೊದಲೇ ಓದಿದ ಕತೆ ಆದರೆ ಮನಸ್ಸು ಅರ್ಥದ ಹಿಂದೆ ಓಡುವುದಿಲ್ಲ, ಸದ್ದಿಗೆ ಹೊಂದಿಕೊಳ್ಳುತ್ತದೆ.

ವಯಸ್ಸಾದವರಿಗೆ, ಕಿವಿ ಮಂದವಾದವರಿಗೆ ಬೇರೆ ಲೆಕ್ಕ. ವಯಸ್ಸಿನ ಜೊತೆ ಸಾಮಾನ್ಯವಾಗಿ ಮೊದಲು ಹೋಗುವುದು ಎತ್ತರದ ಶ್ರುತಿಯ ಸದ್ದು. ಸ, ಶ, ತ, ಪ ಥರದ ವ್ಯಂಜನಗಳು ಮಸುಕಾಗುತ್ತವೆ. ದನಿ ಜೋರು ಮಾಡಿದರೆ ಇದು ಸರಿಹೋಗುವುದಿಲ್ಲ. ತಗ್ಗಿದ ಪಿಚ್ (ದನಿಯ ಶ್ರುತಿ), ಕಡಿಮೆ ವೇಗ, ಪದಗಳ ನಡುವೆ ಬಿಡುವು, ಇವುಗಳಿಂದ ಸಹಾಯವಾಗುತ್ತದೆ. ಹೆಣ್ಣು ದನಿ, ಗಂಡು ದನಿ ಎರಡರಲ್ಲೂ ಜೋಡಿಪದಗಳನ್ನು ಕೇಳಿಸಿ, ಯಾವುದರಲ್ಲಿ ಸರಿಯಾಗಿ ಹಿಡಿಯುತ್ತಾರೋ ಅದನ್ನು ಇಡಿ.

ವೇಗ ಮತ್ತು ಆಯಾಸ

ಮನುಷ್ಯರು ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದುವುದು ನಿಮಿಷಕ್ಕೆ ಸುಮಾರು 150 ಪದ. ಇಸ್ಪೀಕ್ ತಾನಾಗಿ ಶುರುವಾಗುವುದು 175ರಲ್ಲಿ, ಅಲ್ಲಿಂದ 450ರ ತನಕ ಏರಿಸಬಹುದು. ಈ ಅಂಕಿಗಳನ್ನು ಕನ್ನಡಕ್ಕೆ ಹಾಗೇ ತರಬೇಡಿ. ನಮ್ಮ ಒಂದು ಪದದಲ್ಲಿ ಮೂರು ನಾಲ್ಕು ಪದದ ಅರ್ಥ ಇರುತ್ತದೆ. "ಹೇಳಬೇಕಾಗಿರಲಿಲ್ಲವೆಂದು" ಎಂಬುದು ಒಂದೇ ಪದ! ಬೇರೆಯವರು ಹೇಳಿದ ವೇಗವನ್ನು ಬೆನ್ನಟ್ಟಬೇಡಿ. ಅರ್ಥ ಆಗುವ ವೇಗದಿಂದ ಶುರು ಮಾಡಿ, ಸಲೀಸು ಅನಿಸಿದಾಗ ಒಂದು ಮೆಟ್ಟಿಲು ಏರಿಸಿ. ಕೊನೆಯ ಪದ ಹಿಡಿಯಲು ಆಗುತ್ತಿಲ್ಲ ಅನಿಸಿದರೆ ಒಂದು ಮೆಟ್ಟಿಲು ಇಳಿಯಿರಿ.

ಆಯಾಸ ಎರಡು ಥರ. ಯಂತ್ರದ ದನಿ ಕಿವಿಯನ್ನು ದಣಿಸುತ್ತದೆ. ಅದರ ಝೇಂಕಾರ ಹೆಡ್‌ಫೋನಿನಲ್ಲಿ ಚುಚ್ಚುತ್ತದೆ. ಪಿಚ್ ಸ್ವಲ್ಪ ಇಳಿಸಿ, ವಾಲ್ಯೂಮ್ ಇಳಿಸಿ. ಇಸ್ಪೀಕ್‌ನಲ್ಲಿ ವೇರಿಯಂಟ್ ಎಂಬ ಆಯ್ಕೆ ಇದೆ, ಅದರಲ್ಲಿ ಬೇರೆ ಬೇರೆ ಗಂಟಲುಗಳಿವೆ. ಒಂದೊಂದನ್ನೂ ಅರ್ಧ ಗಂಟೆ ಕೇಳಿ ನೋಡಿ. ಇಸ್ಪೀಕ್ ಕೇಳಲಾಗದು ಎನ್ನುವ ಎಷ್ಟೋ ಜನ ಈ ಆಯ್ಕೆಯನ್ನು ತೆರೆದೇ ಇರುವುದಿಲ್ಲ. ಏರಿಳಿತದ ಇನ್‌ಫ್ಲೆಕ್ಷನ್ ಅನ್ನೂ ಕಡಿಮೆ ಮಾಡಿ. ಪೂರ್ತಿ ತೆಗೆಯಬೇಡಿ, ಪ್ರಶ್ನೆ ಗುರುತಿಸಲು ಸ್ವಲ್ಪ ಬೇಕು.

ಸಹಜ ದನಿ ಮನಸ್ಸನ್ನು ದಣಿಸುತ್ತದೆ. ಸಾವಿನ ಸುದ್ದಿಯನ್ನೂ ಹಬ್ಬದ ಸುದ್ದಿಯನ್ನೂ ಅದು ಒಂದೇ ಹುರುಪಿನಲ್ಲಿ ಓದುತ್ತದೆ. ಯಂತ್ರದ ದನಿ ಹಾಗೆ ಓದಿದರೆ ಬೇಸರವಾಗುವುದಿಲ್ಲ, ಅದರಿಂದ ನಾವು ಭಾವವನ್ನು ಬಯಸಿಯೇ ಇಲ್ಲ. ಮನುಷ್ಯರ ಹಾಗೆ ಕೇಳುವ ದನಿ ಹಾಗೆ ಓದಿದರೆ ನೋವಾಗುತ್ತದೆ. ಇದಕ್ಕೆ ನನ್ನ ದಾರಿ, ಸಹಜ ದನಿಗಳಲ್ಲಿ ಅತಿ ಉತ್ಸಾಹದ್ದನ್ನು ಬಿಟ್ಟು ಸಪ್ಪೆ ಅನಿಸುವುದನ್ನು ಆರಿಸುವುದು. ಮೊದಲ ಪುಟದಲ್ಲಿ ಸಪ್ಪೆ ಅನಿಸಿದ್ದು ನೂರನೇ ಪುಟದಲ್ಲಿ ಹಿತವಾಗಿರುತ್ತದೆ.

ಎರಡು ದನಿಗಳನ್ನು ಒಟ್ಟಿಗೆ ಇಡುವುದು

ವಿಂಡೋಸ್‌ನಲ್ಲಿ ಎನ್‌ವಿಡಿಎ ಬಳಸುವವರಿಗೆ ಇದು ಸುಲಭ. ಅದು ಉಚಿತ ಸ್ಕ್ರೀನ್ ರೀಡರ್, 2006ರಲ್ಲಿ ಮೈಕೆಲ್ ಕರನ್ ಶುರು ಮಾಡಿದ್ದು. ಇಸ್ಪೀಕ್ ಎನ್‌ಜಿ ಅದರ ಜೊತೆಯಲ್ಲೇ ಬರುತ್ತದೆ. ಮೊದಲು ನಿಮ್ಮ ಸಾಮಾನ್ಯ ದನಿಯಾಗಿ ಯಂತ್ರದ ದನಿಯನ್ನು ಇಡಿ. ದನಿಯ ಯಂತ್ರ ಬದಲಿಸಲು ಎನ್‌ವಿಡಿಎ ಕೀಲಿ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಎಸ್ ಒಟ್ಟಿಗೆ ಒತ್ತಿ. ವೇಗ, ಪಿಚ್, ವೇರಿಯಂಟ್‌ಗೆ ಎಸ್ ಬದಲು ವಿ. ರೇಟ್ ಬೂಸ್ಟ್ ಎಂಬ ಗುರುತು ಹಾಕಿದರೆ ವೇಗ ಇನ್ನೂ ಮೇಲೆ ಹೋಗುತ್ತದೆ.

ಆಮೇಲೆ ಎನ್‌ವಿಡಿಎ ಕೀಲಿ, ಕಂಟ್ರೋಲ್, ಪಿ ಒತ್ತಿ. ಪ್ರೊಫೈಲ್‌ಗಳ, ಅಂದರೆ ಉಳಿಸಿಟ್ಟ ಸೆಟ್ಟಿಂಗ್ ಗುಂಪುಗಳ, ಕಿಟಕಿ ತೆರೆಯುತ್ತದೆ. ಹೊಸದು ಎಂದು ಆರಿಸಿ ಹೆಸರು ಕೊಡಿ. ಈ ಪ್ರೊಫೈಲ್ ಯಾವಾಗ ಬಳಕೆಗೆ ಬರಬೇಕು ಎಂದು ಕೇಳುತ್ತದೆ. ಅಲ್ಲಿ ಸೇ ಆಲ್ (ಪೂರ್ತಿ ಓದು) ಎಂಬುದನ್ನು ಆರಿಸಿ. ಪ್ರೊಫೈಲ್ ತಯಾರಾದ ಕೂಡಲೇ ದನಿಯ ಸೆಟ್ಟಿಂಗ್‌ಗೆ ಹೋಗಿ ಸಹಜ ದನಿ ಹಾಕಿ, ವೇಗ ಇಳಿಸಿ, ಉಳಿಸಿ. ಇಷ್ಟು ಮಾಡಿದರೆ ನೀವು ಬಾಣದ ಕೀಲಿಯಿಂದ ಓಡಾಡುವಾಗ ಯಂತ್ರದ ದನಿ, ಪೂರ್ತಿ ಓದು ಎಂದು ಆಜ್ಞೆ ಕೊಟ್ಟಾಗ ಸಹಜ ದನಿ ತಾನಾಗಿ ಬರುತ್ತದೆ. ಈ ಒಂದು ಸೌಲಭ್ಯಕ್ಕೆ ನಾನು ಮನಸಾರೆ ಋಣಿ. ಒಂದು ನಿರ್ದಿಷ್ಟ ಪ್ರೋಗ್ರಾಂಗೆ ಮಾತ್ರ ಬೇರೆ ದನಿ ಬೇಕಿದ್ದರೆ ಅದೇ ಕಿಟಕಿಯಲ್ಲಿ ಅದಕ್ಕೂ ಆಯ್ಕೆ ಇದೆ.

ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಫೋನಿನ ಸಾಮಾನ್ಯ ದನಿಯನ್ನೇ ಬಳಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್ ಟು ಸ್ಪೀಚ್ ಎಂದು ಹುಡುಕಿ ಅಲ್ಲಿ ಯಂತ್ರದ ದನಿ ಇಡಿ. ಪುಸ್ತಕ ಓದಿ ಹೇಳುವ ಆ್ಯಪ್ ಆರಿಸುವಾಗ, ತನ್ನದೇ ದನಿ ಆರಿಸಿಕೊಳ್ಳಲು ಬಿಡುವ ಆ್ಯಪ್ ನೋಡಿ. ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್‌ನ ಸೆಟ್ಟಿಂಗ್ ಒಳಗೆ ಆಕ್ಟಿವಿಟಿಗಳು ಎಂದಿದೆ. ಒಂದೊಂದು ಆ್ಯಪ್‌ಗೆ ಒಂದೊಂದು ದನಿ ಅಲ್ಲಿ ಹೊಂದಿಸಬಹುದು.

ದನಿ ಚೆನ್ನಾಗಿದೆ, ಆದರೆ ಕೆಲವು ಪದ ಮಾತ್ರ ತಪ್ಪು ಓದುತ್ತದೆ ಎಂದಾದರೆ ದನಿಯನ್ನೇ ಬಿಡಬೇಡಿ. ಎನ್‌ವಿಡಿಎ ಮೆನುವಿನಲ್ಲಿ ಉಚ್ಚಾರಣೆಯ ನಿಘಂಟು ಇದೆ. ಒಂದು ಕಡೆ ಬರಹದಲ್ಲಿರುವ ಪದ, ಇನ್ನೊಂದು ಕಡೆ ಹೇಗೆ ಓದಬೇಕೋ ಹಾಗೆ. ಎಲ್ಲ ದನಿಗೂ ಒಂದು, ಈಗಿನ ದನಿಗೆ ಮಾತ್ರ ಇನ್ನೊಂದು ಇರುತ್ತದೆ. ದನಿಯ ತಪ್ಪನ್ನು ಎರಡನೆಯದರಲ್ಲೇ ಬರೆಯಿರಿ. ಕರಡು ತಿದ್ದುವಾಗ ಮಾತ್ರ ಈ ನಿಘಂಟಿನ ಮೇಲೆ ಗಮನ ಇರಲಿ, ಅದು ನಿಜವಾದ ಅಕ್ಷರತಪ್ಪನ್ನು ಮುಚ್ಚುವಂತೆ ಇರಬಾರದು.

ಗುಟ್ಟಿನ ಬರಹಕ್ಕೆ ಒಳಗಿನ ದನಿ

ಒಳ್ಳೆಯ ಸಹಜ ದನಿಗಳಲ್ಲಿ ಬಹಳಷ್ಟು ನಿಮ್ಮ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಇರುವುದಿಲ್ಲ. ಬರಹ ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿ ದನಿಯಾಗಿ ಮರಳುತ್ತದೆ. ದನಿಯ ಹೆಸರಿನ ಜೊತೆ ಆನ್‌ಲೈನ್ ಎಂದು ಇದೆಯೇ ನೋಡಿ. ಇನ್ನೂ ಸರಳ ಪರೀಕ್ಷೆ, ನೆಟ್ ಆಫ್ ಮಾಡಿ ಓದಿಸುವುದು. ಸುಮ್ಮನಾದರೆ ಅದು ಹೊರಗಿನ ದನಿ. ಬ್ಯಾಂಕಿನ ಪತ್ರ, ವೈದ್ಯರ ವರದಿ, ಇನ್ನೊಬ್ಬರು ನಂಬಿ ಕೊಟ್ಟ ಕರಡು, ಇವನ್ನು ನಾನು ಹೊರಗಿನ ದನಿಯಲ್ಲಿ ಓದಿಸುವುದಿಲ್ಲ. ಕರಡು ನನ್ನದಲ್ಲ, ಬರೆದವರದು.

ಹೊರಗಿನ ದನಿಗೆ ಇನ್ನೊಂದು ತೊಡಕಿದೆ. ಅದು ನಿಮ್ಮನ್ನು ಕೇಳದೆ ಬದಲಾಗಬಹುದು. ನಾನು ಬಳಸುತ್ತಿದ್ದ ಓದುವ ಆ್ಯಪ್ ಒಂದರಲ್ಲಿ, ನಾನು ಬಹಳ ಮೆಚ್ಚಿದ್ದ ದನಿಯನ್ನು ಅಪ್‌ಡೇಟ್ ಜೊತೆ ತೆಗೆದುಹಾಕಿದರು. ಅರ್ಧ ಓದಿದ್ದ ಕಾದಂಬರಿಯ ಮುಂದಿನ ಅಧ್ಯಾಯ ಬೇರೆ ಯಾರದೋ ಗಂಟಲಿನಲ್ಲಿ ಶುರುವಾಯಿತು. ಹಾಗಾಗಿ ಫೋನಿನ, ಕಂಪ್ಯೂಟರಿನ ಒಳಗೇ ಇರುವ ಒಂದು ಸಹಜ ದನಿಯನ್ನೂ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಅದು ಆನ್‌ಲೈನ್ ದನಿಯಷ್ಟು ನಯವಾಗಿಲ್ಲದಿದ್ದರೂ ಸರಿ. ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಪರೀಕ್ಷೆಯ ಪುಟವನ್ನು ಒಮ್ಮೆ ಓದಿಸಿ. ಬೇಕು ಮತ್ತು ಬಾರದು ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿದರೆ ಕೆಲಸ ಮುಂದುವರಿಸಿ. ಕೇಳದಿದ್ದರೆ ವೇಗ ಒಂದು ಮೆಟ್ಟಿಲು ಇಳಿಸಿ ಮತ್ತೆ ಓದಿಸಿ. ಆಗಲೂ ಆಗದಿದ್ದರೆ ಪಟ್ಟಿಗೆ ಹೋಗಿ ಇನ್ನೊಂದು ದನಿ ಹುಡುಕಿ.